ಇಳಕಲ್ ಸೀರೆಯ ಕೊಂಡಿ: ಒಂದು ನೇಯ್ಗೆಯ ಚರಿತ್ರೆ

ಸೀರೆಯನ್ನು ಕೊಳ್ಳಲು ಕುಳಿತವರ ಕಣ್ಣು ಮೊದಲು ಒಡಲಿನ ಬಣ್ಣಕ್ಕೂ ಬಳಿಕ ಅಂಚಿಗೂ ಕೊನೆಗೆ ಸೆರಗಿಗೂ ಹೋಗುತ್ತದೆ. ಒಡಲು ಮುಗಿದು ಸೆರಗು ಮೊದಲಾಗುವ ಅಡ್ಡಗೆರೆಯತ್ತ ಗಮನ ಹರಿಸುವವರು ವಿರಳ. ಇಳಕಲ್ ಸೀರೆಯ ಮಟ್ಟಿಗಾದರೋ ಆ ಗೆರೆಯೇ ಚರಿತ್ರೆಯ ಮುಖ್ಯ ದಾಖಲೆ. ಅಲ್ಲಿ ಹತ್ತಿಯ ಎಳೆಗಳಿಗೆ ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಕೊಂಡಿಯಂತೆ ಸಿಕ್ಕಿಸಿ, ಎರಡು ಬೇರೆ ಬೇರೆ ಹಾಸುಗಳನ್ನು ಒಂದೇ ಬಟ್ಟೆಯಾಗಿ ಮಾಡಿರುತ್ತಾರೆ. ಈ ಸೀರೆ ಹೇಗೆ ರೂಪುಗೊಂಡಿತು, ಇಂದು ಅದರ ಹೆಸರಿನಲ್ಲಿಯೇ ಮಾರಾಟವಾಗುವ ಯಂತ್ರದ ಸೀರೆಗೂ ಅದಕ್ಕೂ ಇರುವ ಅಂತರವೇನು ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರವನ್ನು ಆ ಗೆರೆಯಿಂದಲೇ ಹುಡುಕತೊಡಗಬೇಕು.

ಇಳಕಲ್ ಇಂದು ಬಾಗಲಕೋಟೆ ಜಿಲ್ಲೆಯ ಪಟ್ಟಣ. 1997ರಲ್ಲಿ ಹೊಸ ಜಿಲ್ಲೆ ರಚನೆಯಾಗುವವರೆಗೆ ಅದು ವಿಜಾಪುರ ಜಿಲ್ಲೆಯ ಹುನಗುಂದ ತಾಲ್ಲೂಕಿಗೆ ಸೇರಿತ್ತು. ಕೆಂಪು ಗ್ರಾನೈಟ್ ಕಲ್ಲಿಗೂ ಈ ಊರು ಹೆಸರಾದುದು. ಬಾದಾಮಿ, ಪಟ್ಟದಕಲ್ಲುಗಳು ಇಲ್ಲಿಂದ ದೂರವಲ್ಲ. ಐಹೊಳೆಯಂತೂ ಅದೇ ಹುನಗುಂದ ಸೀಮೆಯದು. ಆ ಐಹೊಳೆಯ ಹೆಸರನ್ನೇ ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘ ಮಧ್ಯಯುಗದ ದಕ್ಷಿಣ ಭಾರತದ ವ್ಯಾಪಾರವನ್ನು ಬಹುಕಾಲ ಆಳಿತು. ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಉಲ್ಲೇಖವಿದೆ. ಅವರು ಸಾಗಿಸುತ್ತಿದ್ದ ಸರಕುಗಳಲ್ಲಿ ಬಟ್ಟೆಯೂ ಒಂದು. ಸುತ್ತಲೂ ಹತ್ತಿ ಬೆಳೆಯುವ ಎರೆಭೂಮಿ, ಪಕ್ಕದಲ್ಲಿಯೇ ದೂರದ ಮಾರುಕಟ್ಟೆಗಳನ್ನು ಬಲ್ಲ ವರ್ತಕರು. ನೇಯ್ಗೆ ಬೇರೂರಲು ಇವೆರಡೂ ಅನುಕೂಲವಾದ ಸಂಗತಿಗಳು.

ಇಳಕಲ್‌ನ ನೇಯ್ಗೆಯನ್ನು ಎಂಟನೆಯ ಶತಮಾನದಷ್ಟು ಹಿಂದಕ್ಕೆ ಒಯ್ಯುವ ಹೇಳಿಕೆ ಪ್ರಚಲಿತವಾಗಿದೆ. ಬಳ್ಳಾರಿಯ ಸುತ್ತಲಿನ ಸ್ಥಳೀಯ ಅರಸುಮನೆತನಗಳ ಪ್ರೋತ್ಸಾಹದಿಂದ ಅದು ಬೆಳೆಯಿತೆಂಬ ಮಾತೂ ಇದೆ. ಬಟ್ಟೆಯ ಚರಿತ್ರೆಯನ್ನು ಬರೆಯುವವರಿಗೆ ಒಂದು ತೊಡಕುಂಟು. ಕಲ್ಲು ಉಳಿಯುತ್ತದೆ, ತಾಮ್ರದ ಹಲಗೆ ಉಳಿಯುತ್ತದೆ. ಉಟ್ಟ ಬಟ್ಟೆ ಉಳಿಯುವುದಿಲ್ಲ. ನಮ್ಮ ಹವೆಯಲ್ಲಿ ಹತ್ತಿಯ ಸೀರೆಯೊಂದು ಮೂರು ತಲೆಮಾರು ಬಾಳಿದರೆ ಅದೇ ದೊಡ್ಡದು. ಆದುದರಿಂದ ಇಲ್ಲಿ ಪರೋಕ್ಷ ಪ್ರಮಾಣಗಳೇ ಗತಿ. ಶಾಸನಗಳಲ್ಲಿ ಬರುವ 'ಮಗ್ಗದೆರೆ' ಎಂಬ ತೆರಿಗೆಯ ಹೆಸರು ಅಂತಹ ಒಂದು ಪ್ರಮಾಣ. ಮಗ್ಗದ ಮೇಲೆ ತೆರಿಗೆ ಹೇರಬೇಕಾದರೆ ಮಗ್ಗಗಳ ಸಂಖ್ಯೆಯೂ ಅವುಗಳ ಗಳಿಕೆಯೂ ಗಣನೀಯವಾಗಿದ್ದಿರಲೇಬೇಕು. ಇದೇ ನಾಡಿನ ಮುದನೂರಿನ ವಚನಕಾರ ದಾಸಿಮಯ್ಯನ ಹೆಸರಿಗೆ 'ಜೇಡರ' ಎಂಬ ವಿಶೇಷಣ ಅಂಟಿಕೊಂಡದ್ದು ನೇಯ್ಗೆಯ ಕಾಯಕದಿಂದಲೇ.

ಗ್ರಂಥಸ್ಥ ಪ್ರಮಾಣಗಳಲ್ಲಿ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ಕ್ಕೆ ಹಿರಿಯ ಸ್ಥಾನವಿದೆ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿತವಾದ ಈ ಕೃತಿಯಲ್ಲಿ 'ವಸ್ತ್ರೋಪಭೋಗ'ವೆಂಬ ಒಂದು ಪ್ರಕರಣವೇ ಇದೆ. ಚೋಳ, ಕಳಿಂಗ, ವಂಗ, ಸಿಂಹಳ, ಮಹಾಚೀನ ಮೊದಲಾದ ನಾಡುಗಳಿಂದ ಬಂದ ಬಟ್ಟೆಗಳನ್ನೂ ಋತುವಿಗೆ ತಕ್ಕ ಉಡುಪನ್ನೂ ಅದು ಹೇಳುತ್ತದೆ. ಅದು ಉಡುವವನ, ಅದರಲ್ಲಿಯೂ ಅರಸನ, ಕಣ್ಣಿನಿಂದ ಕಂಡ ಬಟ್ಟೆ. ನೇಯುವವನ ಕೈ ಅಲ್ಲಿ ಕಾಣಿಸುವುದಿಲ್ಲ. ನೇಕಾರನ ಪಕ್ಷದಿಂದ ಚರಿತ್ರೆಯನ್ನು ತಿಳಿಯಬೇಕಾದರೆ ಗ್ರಂಥವನ್ನು ಬದಿಗಿರಿಸಿ ಮಗ್ಗದ ಬಳಿಗೇ ಹೋಗಬೇಕು. ತಲೆಮಾರಿನಿಂದ ತಲೆಮಾರಿಗೆ ಕೈಯಿಂದ ಕೈಗೆ ಸಾಗಿ ಬಂದ ತಂತ್ರವೂ ಆ ತಂತ್ರದ ಹೆಸರುಗಳೂ ಅಲ್ಲಿ ಉಳಿದಿವೆ.

ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ಹತ್ತಿಯದು. ಅಂಚು ಮತ್ತು ಸೆರಗು ರೇಷ್ಮೆಯವು. ಪೂರ್ತಿ ರೇಷ್ಮೆಯ ಸೀರೆಗಳೂ ಉಂಟಾದರೂ ಈ ಊರಿನ ಹೆಸರನ್ನು ಹರಡಿದ್ದು ಹತ್ತಿ ರೇಷ್ಮೆಗಳ ಕೂಟವೇ. ಈ ಕೂಟದ ಹಿಂದೆ ಸ್ಪಷ್ಟವಾದ ಒಂದು ಲೆಕ್ಕಾಚಾರವಿದೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಸೀರೆಯನ್ನು ಹೊಲದಲ್ಲಿಯೂ ಉಡಬೇಕು, ಹಬ್ಬದಲ್ಲಿಯೂ ಉಡಬೇಕು. ಬೆವರನ್ನು ಹೀರಲು, ಪದೇ ಪದೇ ಒಗೆಯಲು ಹತ್ತಿಯೇ ತಕ್ಕದ್ದು. ತಲೆಯ ಮೇಲೆ ಹೊದ್ದು ಭುಜದ ಮೇಲೆ ಇಳಿಯುವ ಸೆರಗಾದರೋ ನಾಲ್ಕು ಜನರ ಕಣ್ಣಿಗೆ ಬೀಳುವಂತಹದು. ಅಲ್ಲಿ ರೇಷ್ಮೆಯ ಹೊಳಪು ಬೇಕು. ಸೀರೆಯ ಉದ್ದಕ್ಕೂ ಹರಿಯುವ ಅಂಚೂ ಅಂತಹದೇ. ದುಬಾರಿಯಾದ ರೇಷ್ಮೆಯನ್ನು ಕಣ್ಣಿಗೆ ಕಾಣುವ ಕಡೆಯಲ್ಲಿ ಮಾತ್ರ ಬಳಸಿ, ಮಿಕ್ಕ ಕಡೆ ಹತ್ತಿಯನ್ನು ಇರಿಸಿದರೆ ಸಾಮಾನ್ಯ ಒಕ್ಕಲು ಮನೆಗೂ ರೇಷ್ಮೆಯ ಸೆರಗು ಎಟುಕುತ್ತದೆ. ಇಳಕಲ್ ಸೀರೆಯ ಸೊಗಸು ಹುಟ್ಟಿದ್ದು ಈ ಮಿತವ್ಯಯದಿಂದ.

ಲೆಕ್ಕಾಚಾರ ಸುಲಭ, ಅದನ್ನು ಮಗ್ಗದ ಮೇಲೆ ಸಾಧಿಸುವುದು ಕಷ್ಟ. ಬಟ್ಟೆಯ ಉದ್ದಕ್ಕೆ ಹರಿಯುವ ಎಳೆಗಳು ಹಾಸು. ಅಡ್ಡಲಾಗಿ ಹೋಗುವ ಎಳೆ ಹೊಕ್ಕು. ಹಾಸಿನ ಎಳೆ ಒಮ್ಮೆ ಮಗ್ಗಕ್ಕೆ ಏರಿತೆಂದರೆ ಬಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ಅದೇ ಎಳೆ ಸಾಗುತ್ತದೆ. ಒಡಲಿನ ಹಾಸು ನೀಲಿಯ ಹತ್ತಿಯಾದರೆ ಸೆರಗಿನಲ್ಲಿಯೂ ಅದೇ ನೀಲಿಯ ಹತ್ತಿ ಇರುತ್ತದೆ. ಹೊಕ್ಕನ್ನು ಮಾತ್ರ ಕೆಂಪು ರೇಷ್ಮೆಗೆ ಬದಲಾಯಿಸಿದರೆ ನೀಲಿ ಕೆಂಪುಗಳು ಬೆರೆತು ಮಬ್ಬಾದ ಮೂರನೆಯ ಬಣ್ಣವೊಂದು ಬರುತ್ತದೆ, ಅಚ್ಚ ಕೆಂಪು ಬರುವುದಿಲ್ಲ. ಅಚ್ಚ ಕೆಂಪಿನ ಸೆರಗು ಬೇಕೆಂದರೆ ಸೆರಗಿನ ಹಾಸೇ ಬೇರೆಯಾಗಿರಬೇಕು. ಹೀಗಾಗಿ ಇಳಕಲ್‌ನಲ್ಲಿ ಒಡಲಿಗೆ, ಅಂಚಿಗೆ, ಸೆರಗಿಗೆ ಮೂರು ಹಾಸುಗಳನ್ನು ಬೇರೆ ಬೇರೆಯಾಗಿ ಹೂಡುತ್ತಾರೆ. ಅಂಚಿನ ಬಣ್ಣವೂ ಸೆರಗಿನ ಬಣ್ಣವೂ ಸಾಮಾನ್ಯವಾಗಿ ಒಂದೇ.

ಇನ್ನು ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೂಡಿಸಬೇಕು. ಸಾವಿರಾರು ಎಳೆಗಳನ್ನು ಗಂಟು ಹಾಕಿದರೆ ಗಂಟುಗಳ ಸಾಲು ಉಬ್ಬಿ ನಿಲ್ಲುತ್ತದೆ. ಹಣಿಗೆಯ ಸಂದಿಯಲ್ಲಿ ಸಿಕ್ಕು ಹರಿಯುವುದೂ ಉಂಟು. ಇಳಕಲ್‌ನ ನೇಕಾರರು ಇದಕ್ಕೆ ಕಂಡುಕೊಂಡ ಉತ್ತರ ಕುಣಿಕೆ. ಸರಪಳಿಯ ಎರಡು ಕೊಂಡಿಗಳು ಒಂದರೊಳಗೊಂದು ಸಿಕ್ಕಿಕೊಂಡಂತೆ ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆ ಹಾದು ಮರಳುತ್ತದೆ. ಎಳೆದಷ್ಟೂ ಬಿಗಿಯಾಗುವ ಈ ಬೆಸುಗೆಯಲ್ಲಿ ಉಬ್ಬು ಇರುವುದಿಲ್ಲ, ಅರಿವೆಯ ಮೇಲೆ ಬೆರಳಾಡಿಸಿದರೆ ತಡೆಯೂ ತಾಗುವುದಿಲ್ಲ. ಈ ಕ್ರಮಕ್ಕೆ 'ಟೋಪ್ ತೆನಿ' ಎಂದು ಹೆಸರು. ಅದರಿಂದ ಸಿದ್ಧವಾದ ಸೆರಗೂ 'ಟೋಪ್ ತೆನಿ ಸೆರಗು' ಎಂದೇ ಪ್ರಸಿದ್ಧ. ಗಂಜಿ ಕುಡಿದು ಬಿರುಸಾದ ಹತ್ತಿಯ ಎಳೆ ಒಂದು ಬಗೆಯ ಬಿಗಿಯನ್ನು ತಾಳುತ್ತದೆ; ನುಣುಪಾದ ರೇಷ್ಮೆಯ ಎಳೆ ಇನ್ನೊಂದು ಬಗೆಯದನ್ನು. ಇವೆರಡರ ಸೆಳೆತವನ್ನು ಒಂದು ಹದಕ್ಕೆ ತರದಿದ್ದರೆ ಸೆರಗು ಸುಕ್ಕುಗಟ್ಟುತ್ತದೆ. ಆ ಹದವನ್ನು ಅಳೆಯುವ ಉಪಕರಣವೆಂದರೆ ನುರಿತವರ ಬೆರಳ ತುದಿ.

ಅಂಚಿನದು ಇದರ ಜೊತೆಗಾರ ಸಮಸ್ಯೆ. ಒಂದೇ ಲಾಳಿ ಈ ಅಂಚಿನಿಂದ ಆ ಅಂಚಿಗೆ ಓಡಿದರೆ ಒಡಲಿನ ಹೊಕ್ಕು ಅಂಚಿನೊಳಕ್ಕೂ ನುಗ್ಗಿ ಅದರ ಬಣ್ಣವನ್ನು ಕೆಡಿಸುತ್ತದೆ. ಆದುದರಿಂದ ಮೂರು ಲಾಳಿಗಳನ್ನು ಬಳಸುತ್ತಾರೆ: ನಡುವಿನ ಒಡಲಿಗೆ ಒಂದು, ಎರಡು ಬದಿಯ ಅಂಚುಗಳಿಗೆ ಒಂದೊಂದು. ಒಡಲಿನ ಹೊಕ್ಕು ಅಂಚಿನ ಗಡಿಗೆ ಬಂದಾಗ ಅಂಚಿನ ಹೊಕ್ಕಿನೊಂದಿಗೆ ಸಿಕ್ಕಿಕೊಂಡು ಹಿಂದಿರುಗುತ್ತದೆ. ಇದಕ್ಕೆ 'ಕೊಂಡಿ' ಎಂಬ ಹೆಸರೇ ಇದೆ. ಕಾಂಚೀಪುರದ ರೇಷ್ಮೆ ಸೀರೆಯ ನೇಕಾರರು ಇವೇ ಎರಡು ಸಮಸ್ಯೆಗಳನ್ನು ಎದುರಿಸಿದರು. ಅಂಚಿಗಾಗಿ ಅವರು ಕಂಡುಕೊಂಡ ಮೂರು ಲಾಳಿಯ ತಂತ್ರ 'ಕೊರ್ವೈ'; ಸೆರಗಿನ ಹಾಸನ್ನು ಕೂಡಿಸುವ ಕ್ರಮ 'ಪೇಟ್ನಿ'. ಒಂದೇ ಪ್ರಶ್ನೆಗೆ ದಕ್ಷಿಣದ ಎರಡು ನೇಯ್ಗೆಯ ಊರುಗಳು ಕೊಟ್ಟ ಉತ್ತರಗಳಲ್ಲಿ ಇಂತಹ ಹೋಲಿಕೆ ಇರುವುದು ಅಭ್ಯಾಸಯೋಗ್ಯ. ಕಾಂಚೀಪುರದಲ್ಲಿ ಕೂಡುವುದು ರೇಷ್ಮೆಗೆ ರೇಷ್ಮೆ. ಇಳಕಲ್‌ನಲ್ಲಿ ಕೂಡುವುದು ಗುಣದಲ್ಲಿಯೇ ಬೇರೆಯಾದ ಎರಡು ನೂಲುಗಳು.

ಸೆರಗಿನ ಉದ್ದ ಸಾಮಾನ್ಯವಾಗಿ 16ರಿಂದ 27 ಅಂಗುಲ. ಅದರಲ್ಲಿ ಮೂರು ಕೆಂಪು ಪಟ್ಟಿಗಳು, ಅವುಗಳ ನಡುವೆ ಎರಡು ಬಿಳಿಯ ಪಟ್ಟಿಗಳು. ಸೆರಗಿನ ಮೇಲೆ ಮೂಡುವ ಆಕೃತಿಗಳಿಗೆ ನೇಕಾರರು ಇಟ್ಟ ಹೆಸರುಗಳು ತಮ್ಮ ಸುತ್ತಲಿನ ಬದುಕಿನಿಂದ ಬಂದವು. ಬಾಚಣಿಗೆಯ ಹಲ್ಲುಗಳಂತೆ ಕಾಣುವುದು 'ಹಣಿಗೆ'. ಕೋಟೆಯ ತೆನೆಗಳಂತಹದು 'ಕೋಟಿ ಕಮ್ಮಿ'. ಜೋಳದ ತೆನೆಯ ಸಾಲಿನಂತಹದು 'ಟೋಪ್ ತೆನಿ'. ಬೆಟ್ಟಗಳ ಶ್ರೇಣಿಯಂತಹದು 'ರಾಂಪ'. ಅಂಚನ್ನು ಆ ಸೀಮೆಯವರು 'ದಡಿ' ಎನ್ನುತ್ತಾರೆ. ಎರಡೂವರೆಯಿಂದ ನಾಲ್ಕು ಅಂಗುಲದ ದಡಿಗಳಲ್ಲಿ ಚಿಕ್ಕಿ, ಗೋಮಿ, ಗಾಡಿ ಎಂಬ ಬಗೆಗಳುಂಟು. ಜೋಳವನ್ನು ಉಂಡು, ಕೋಟೆ ಕೊತ್ತಲಗಳ ನೆರಳಿನಲ್ಲಿ, ಕಲ್ಲುಬೆಟ್ಟಗಳ ನಡುವೆ ಬಾಳಿದ ಜನ ತಮ್ಮ ಸೆರಗಿಗೆ ಬೇರೆ ಎಲ್ಲಿಂದಲೋ ಹೆಸರು ತರಬೇಕಾಗಿರಲಿಲ್ಲ. ಹಣಿಗೆ ಎಂಬ ಮಾತಿಗಂತೂ ಮತ್ತೊಂದು ಸಲುಗೆಯಿದೆ: ಹೊಕ್ಕಿನ ಎಳೆಯನ್ನು ಬಡಿದು ಕೂಡಿಸುವ ಮಗ್ಗದ ಅಂಗಕ್ಕೂ ಅದೇ ಹೆಸರು.

ಈ ಸೀರೆಗಳು ಹುಟ್ಟುವುದು ಕುಣಿ ಮಗ್ಗದಲ್ಲಿ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ನೇಕಾರ ನೆಲಮಟ್ಟದಲ್ಲಿ ಕೂರುತ್ತಾನೆ. ಕಾಲಿನಿಂದ ಹಲಗೆಯನ್ನು ತುಳಿದಾಗ ಹಾಸಿನ ಎಳೆಗಳು ಮೇಲೆ ಕೆಳಗೆ ಸರಿದು ಬಾಯಿ ತೆರೆಯುತ್ತವೆ. ಆ ಬಾಯಿಯಲ್ಲಿ ಲಾಳಿ ಹಾಯುತ್ತದೆ. ಕುಣಿಯ ತೇವವು ಹಾಸಿನ ನೂಲು ಒಣಗಿ ಹರಿಯದಂತೆ ಕಾಯುತ್ತದೆ. ಬಯಲುಸೀಮೆಯ ಒಣ ಹವೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಒಂದು ಸೀರೆಯನ್ನು ನೇಯಲು ಕೈಮಗ್ಗದಲ್ಲಿ ಏಳು ದಿನಗಳಷ್ಟು ಹಿಡಿಯುತ್ತದೆ ಎಂಬ ಲೆಕ್ಕವಿದೆ. ಈ ಕೆಲಸದಲ್ಲಿ ಮಗ್ಗದ ಮೇಲೆ ಕುಳಿತವರದು ಒಂದು ಪಾಲು ಮಾತ್ರ. ನೂಲನ್ನು ಬಿಚ್ಚುವುದು, ಕಂಡಿಕೆಗೆ ಸುತ್ತುವುದು, ಹಾಸು ಹೂಡುವುದು, ಎಳೆಗಳನ್ನು ಕೂಡಿಸುವುದು ಇವೆಲ್ಲ ಮನೆಮಂದಿಯ, ಅದರಲ್ಲಿಯೂ ಹೆಂಗಸರ ಹಾಗೂ ವೃದ್ಧರ ಕೈಯಲ್ಲಿ ನಡೆಯುತ್ತವೆ.

ಬಣ್ಣದ ಚರಿತ್ರೆಯಲ್ಲಿ ಹೊರಜಗತ್ತಿನ ಪ್ರವೇಶ ಎದ್ದು ಕಾಣುತ್ತದೆ. ಹಿಂದೆ ನಮ್ಮ ನಾಡಿನ ಬಣ್ಣಗಾರರಿಗೆ ನೀಲಿಗೆ ನೀಲಿಗಿಡವೂ ಕೆಂಪಿಗೆ ಅರಗು ಹಾಗೂ ಬೇರುತೊಗಟೆಗಳೂ ಆಧಾರ. 1868ರಲ್ಲಿ ಜರ್ಮನಿಯ ಗ್ರೇಬ ಮತ್ತು ಲೀಬರ್ಮಾನ್ ಎಂಬ ರಸಾಯನಶಾಸ್ತ್ರಜ್ಞರು ಮಂಜಿಷ್ಠದ ಜಾತಿಯ ಬೇರಿನ ಕೆಂಪುಬಣ್ಣವಾದ ಅಲಿಜರಿನ್ ಅನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1897ರಲ್ಲಿ ಕೃತಕ ನೀಲಿಯೂ ಮಾರುಕಟ್ಟೆಗೆ ಬಂದಿತು. ಕೆಲವೇ ದಶಕಗಳಲ್ಲಿ ಗಿಡಮೂಲದ ಬಣ್ಣಗಾರಿಕೆ ಭಾರತದ ಬಹುಪಾಲು ಊರುಗಳಲ್ಲಿ ಮರೆಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಕೃತಕ ರೇಷ್ಮೆ ಬಂದು ಇಳಕಲ್‌ನ ಅಂಚು ಸೆರಗುಗಳಲ್ಲಿ ನೆಲೆಗೊಂಡಿತು. ಇವೆರಡೂ ದೊಡ್ಡ ಬದಲಾವಣೆಗಳೇ. ಆದರೂ ಇವುಗಳಿಂದ ಸೀರೆಯ ಕಟ್ಟು ಬದಲಾಗಲಿಲ್ಲ. ಬಣ್ಣ ಯಾವುದೇ ಇರಲಿ, ನೂಲು ಯಾವುದೇ ಇರಲಿ, ಒಡಲಿಗೂ ಸೆರಗಿಗೂ ಕುಣಿಕೆ ಹಾಕುವ ಕೆಲಸ ಮೊದಲಿನಂತೆಯೇ ನಡೆಯಿತು. ಬೆಲೆ ಇಳಿದುದರಿಂದ ಸೀರೆ ಇನ್ನೂ ಬಡಮನೆಗಳಿಗೆ ತಲುಪಿತೆಂದೂ ಹೇಳಬಹುದು.

ಮಗ್ಗದಿಂದ ಇಳಿದ ಸೀರೆಗೆ ಧಾರವಾಡ ಸೀಮೆಯಲ್ಲಿ ಇನ್ನೊಂದು ಕೈ ಕೂಡುತ್ತಿತ್ತು. ಅದು ಕಸೂತಿ. 'ಕೈ' ಮತ್ತು 'ಸೂತಿ' ಸೇರಿ ಈ ಪದವಾಯಿತೆಂಬುದು ರೂಢಿಯ ವಿವರಣೆ. ಇಳಕಲ್ ಸೀರೆಯ ಮೇಲೆ, ವಿಶೇಷವಾಗಿ ಮದುಮಗಳಿಗೆ ಕೊಡುತ್ತಿದ್ದ ಕಪ್ಪು ಬಣ್ಣದ ಚಂದ್ರಕಾಳಿ ಸೀರೆಯ ಮೇಲೆ, ಹೆಂಗಸರು ಗೋಪುರ, ತೇರು, ಆನೆ ಅಂಬಾರಿ, ತುಳಸಿಕಟ್ಟೆ, ತೊಟ್ಟಿಲು, ನವಿಲುಗಳನ್ನು ಹೊಲಿಯುತ್ತಿದ್ದರು. ಗಾವಂತಿ, ಮುರಗಿ, ನೇಯ್ಗಿ, ಮೆಂತೆ ಎಂಬುವು ಅದರ ನಾಲ್ಕು ಹೊಲಿಗೆಗಳು. ಕಸೂತಿಗೆ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸುಹೊಕ್ಕಿನ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಇಳಿಸಬೇಕು. ಗಾವಂತಿ ಮುರಗಿಗಳಲ್ಲಿ ಚಿತ್ರ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿ ಕಾಣಬೇಕು, ಎಲ್ಲಿಯೂ ಗಂಟು ಕಾಣಬಾರದು. ಎಳೆಯೆಣಿಕೆಯ ಈ ಕಲೆಗೆ ಎಳೆಗಳು ಸಮವಾಗಿ ಕೂತ ನೇಯ್ಗೆ ಅವಶ್ಯಕ. ಎಣಿಕೆ ತಪ್ಪಿಸುವ ಬಟ್ಟೆಯ ಮೇಲೆ ಗೋಪುರ ಒಂದು ಕಡೆಗೆ ವಾಲುತ್ತದೆ. ಹೀಗೆ ನೇಕಾರನ ಶಿಸ್ತು ಸೂಜಿ ಹಿಡಿದವಳ ಶಿಸ್ತಿಗೆ ನೆಲೆಗಟ್ಟಾಯಿತು.

ಸೀರೆಯ ಜೊತೆಗಿನ ಕುಪ್ಪಸಕ್ಕೆ ಬಟ್ಟೆ ಒದಗಿಸಿದ್ದು ಅದೇ ಜಿಲ್ಲೆಯ ಗುಳೇದಗುಡ್ಡ. ಅಲ್ಲಿಯ ಖಣ ಚಿಕ್ಕ ಚಿಕ್ಕ ಬುಟ್ಟಾಗಳಿಂದ ತುಂಬಿದ, ತನ್ನದೇ ಅಂಚುಳ್ಳ ಬಟ್ಟೆ. ಸೀರೆಗೆ ಕತ್ತರಿ ತಾಗುವುದಿಲ್ಲ. ಖಣ ಕತ್ತರಿಗಾಗಿಯೇ ಹುಟ್ಟಿದ್ದು. ತೋಳಿನ ಕೊನೆಗೆ ಖಣದ ಅಂಚೇ ಬರುವಂತೆ ಬಟ್ಟೆಯನ್ನು ಹಾಸಿ ಕತ್ತರಿಸಿದರೆ ಅಲ್ಲಿ ಬೇರೆ ಅಲಂಕಾರ ಬೇಡ, ಮಡಿಚಿ ಹೊಲಿಯುವ ಶ್ರಮವೂ ಉಳಿಯುತ್ತದೆ. ಮುಂಗಡೆ ಗಂಟು ಕಟ್ಟುವ ಕುಪ್ಪಸಕ್ಕೆ ಬೇಕಾದಷ್ಟೇ ಬಟ್ಟೆ ಒಂದು ಖಣ. ಹೆಣ್ಣುಮಕ್ಕಳ ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿಗಳೊಡನೆ ಮುಕ್ಕೋನವಾಗಿ ಮಡಿಚಿದ ಖಣ ಇಡುವುದು ಇಂದಿಗೂ ಉಳಿದ ಸಂಪ್ರದಾಯ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಧಾರವಾಡದ ಕಸೂತಿ ಈ ಮೂರು ಸೇರಿ ಒಂದು ಉಡುಪಾಗುತ್ತದೆ. ಮೂರರಲ್ಲಿಯೂ ಕಾಣುವ ಸಾಮಾನ್ಯ ಗುಣ ಎಳೆಯ ಲೆಕ್ಕ: ಬೆಲೆಯುಳ್ಳದ್ದನ್ನು ಹಾಳುಮಾಡದೆ ಬೇಕಾದ ಕಡೆಗೆ ಮುಟ್ಟಿಸುವ ಜಾಣ್ಮೆ.

ವಿದ್ಯುಚ್ಚಾಲಿತ ಮಗ್ಗ ಬಂದಾಗ ಪೆಟ್ಟು ಬಿದ್ದದ್ದು ಈ ಲೆಕ್ಕಕ್ಕೆ. ಯಂತ್ರಮಗ್ಗದ ಲಾಭವಿರುವುದು ನಿಲ್ಲದ ಓಟದಲ್ಲಿ. ಉದ್ದನೆಯ ಹಾಸೊಂದನ್ನು ಏರಿಸಿ ಸೀರೆಯ ಮೇಲೆ ಸೀರೆಯನ್ನು ತಡೆಯಿಲ್ಲದೆ ನೇಯ್ದು ಆಮೇಲೆ ಕತ್ತರಿಸಿದರೆ ಮಾತ್ರ ಅದು ಅಗ್ಗವಾಗುತ್ತದೆ. ಪ್ರತಿ ಸೀರೆಗೂ ಒಮ್ಮೆ ನಿಂತು ಸಾವಿರಾರು ಕುಣಿಕೆಗಳನ್ನು ಕೈಯಿಂದ ಹಾಕಬೇಕಾದರೆ ಯಂತ್ರದ ವೇಗಕ್ಕೆ ಅರ್ಥವಿಲ್ಲ. ಆದುದರಿಂದ ಯಂತ್ರ ಮೊದಲು ಕೈಬಿಡುವುದು ಬೆಸುಗೆಯನ್ನು. ಒಡಲಿನ ಹಾಸೇ ಸೆರಗಿನಲ್ಲಿಯೂ ಮುಂದುವರಿಯುತ್ತದೆ. ಹೊಕ್ಕಿನ ಬಣ್ಣ ಬದಲಾಯಿಸಿ ಟೋಪ್ ತೆನಿಯ ಆಕೃತಿಯನ್ನು ಅನುಕರಿಸಲಾಗುತ್ತದೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ. ಹತ್ತಿರದಿಂದ ನೋಡಿದರೆ ಅನುಕರಣೆಯ ಕೆಂಪಿನಲ್ಲಿ ಒಡಲಿನ ಬಣ್ಣ ಇಣುಕುತ್ತದೆ. ಸೆರಗಿನ ಎಳೆಯನ್ನು ಬಿಡಿಸಿ ನೋಡಿದರೆ ಅದು ಒಡಲಿನ ಎಳೆಯೇ ಆಗಿರುತ್ತದೆ. ಬಣ್ಣ ನೂಲುಗಳ ಬದಲಾವಣೆಯನ್ನು ತಾಳಿಕೊಂಡ ಸೀರೆಗೆ ಬೆಸುಗೆಯ ಲೋಪವನ್ನು ತಾಳಿಕೊಳ್ಳಲಾಗದು. ಬೆಸುಗೆ ಹೋದರೆ ಉಳಿಯುವುದು ಇಳಕಲ್ ಸೀರೆಯ ಚಿತ್ರ ಮಾತ್ರ.

ಕಾನೂನು ಈ ಅಪಾಯವನ್ನು ಗಮನಿಸದೆ ಇಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿರಿಸುವ ಕಾಯದೆಯನ್ನು ಸಂಸತ್ತು 1985ರಲ್ಲಿ ಅಂಗೀಕರಿಸಿತು. ಅದರನ್ವಯ ಮೊದಲು 22 ಬಗೆಯ ಬಟ್ಟೆಗಳು ಮೀಸಲಾದವು; ಮುಂದೆ ಆ ಪಟ್ಟಿ 11ಕ್ಕೆ ಇಳಿಯಿತು. ಕಾಯದೆಯ ಸಿಂಧುತ್ವವನ್ನು ಸುಪ್ರೀಂ ಕೋರ್ಟ್ 1993ರಲ್ಲಿ ಎತ್ತಿಹಿಡಿಯಿತು. 1999ರ ಭೌಗೋಳಿಕ ಸೂಚಕಗಳ ಕಾಯದೆ 2003ರಲ್ಲಿ ಜಾರಿಗೆ ಬಂದ ಮೇಲೆ ಇಳಕಲ್ ಸೀರೆಗೂ ಕಸೂತಿಗೂ ಆ ಮಾನ್ಯತೆ ದೊರೆಯಿತು. 2015ರಿಂದ, 1905ರ ಸ್ವದೇಶಿ ಚಳವಳಿಯ ನೆನಪಿಗಾಗಿ, ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನವಾಗಿದೆ. ಇವೆಲ್ಲ ಬೇಕಾದ ಕ್ರಮಗಳೇ. ಆದರೆ ಹೆಸರಿಗೆ ದೊರೆತ ರಕ್ಷಣೆ ಹೆಸರಿನ ಹಿಂದಿರುವ ಕೈಗೆ ತಾನಾಗಿ ದೊರೆಯುವುದಿಲ್ಲ. ಅಂಗಡಿಯಲ್ಲಿ ಎರಡು ಸೀರೆಗಳು ಅಕ್ಕಪಕ್ಕದಲ್ಲಿದ್ದು, ಒಂದರ ಬೆಲೆ ಇನ್ನೊಂದರ ಎಷ್ಟೋ ಪಾಲು ಕಡಿಮೆಯಿದ್ದಾಗ, ಅಂತರವೇನೆಂದು ತಿಳಿಯದ ಗಿರಾಕಿ ಅಗ್ಗದ್ದನ್ನು ಆರಿಸಿದರೆ ಅದು ಅವರ ತಪ್ಪೆನ್ನಲಾಗದು.

ಆ ಕೈಗಳ ಪ್ರಶ್ನೆ ಸೀರೆಯ ಪ್ರಶ್ನೆಗಿಂತ ಹಿರಿದು. ನೂಲನ್ನು ಯಜಮಾನ ಕೊಡುತ್ತಾನೆ, ನೇಕಾರನಿಗೆ ಸೀರೆಗಿಷ್ಟು ಎಂದು ಮಜೂರಿ ಸಿಗುತ್ತದೆ. ಆ ಮಜೂರಿ ಮಗ್ಗದ ಮೇಲೆ ಕೂತವನ ಹೆಸರಿಗೆ. ಕಂಡಿಕೆ ಸುತ್ತಿದವಳ, ಹಾಸು ಹೂಡಿದವಳ, ಎಳೆಗೆ ಎಳೆ ಕೂಡಿಸಿದವಳ ದುಡಿಮೆ ಅದರಲ್ಲಿಯೇ ಅಡಗಿಹೋಗುತ್ತದೆ. ಬೇರೆಯಾಗಿ ಲೆಕ್ಕಕ್ಕೆ ಸಿಗುವುದಿಲ್ಲ. 2019-20ರ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕಾರ್ಮಿಕರಿದ್ದಾರೆ. ಅವರಲ್ಲಿ ಬಹುಪಾಲು ಮಹಿಳೆಯರು. ಸೀರೆಯ ಬೆಲೆಯನ್ನು ಕಟ್ಟುವಾಗ ನೂಲಿನ ತೂಕವನ್ನೂ ಮಗ್ಗದ ದಿನಗಳನ್ನೂ ಎಣಿಸುವವರು ಕುಣಿಕೆ ಹಾಕಿದ ಗಂಟೆಗಳನ್ನೂ ಎಣಿಸಿದರೆ ಮಾತ್ರ ಆ ಕೆಲಸವನ್ನು ಮುಂದಿನ ತಲೆಮಾರಿನ ಹೆಣ್ಣುಮಕ್ಕಳು ಕಲಿಯಲು ಕಾರಣವಿರುತ್ತದೆ. ಕಲಿಯುವವರಿಲ್ಲದ ತಂತ್ರವನ್ನು ಯಾವ ಮಾನ್ಯತಾ ಪತ್ರವೂ ಉಳಿಸದು. ನೇಯ್ಗೆಯ ಜ್ಞಾನ ಗ್ರಂಥದಿಂದ ಬರುವಂತಹದಲ್ಲ. ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ಕೂತು ನೋಡಿ ನೋಡಿ ಬೆರಳಿಗೆ ಬರಬೇಕು.

ಇಳಕಲ್ ಸೀರೆಯನ್ನು ಕೊಳ್ಳುವವರು ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ಸೆರಗನ್ನು ಬಿಡಿಸಿ, ಸೀರೆಯನ್ನು ಮಗುಚಿ, ಒಡಲು ಸೆರಗುಗಳು ಸೇರುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಒಡಲಿನ ಎಳೆ ಅಲ್ಲಿ ನಿಂತು ಸೆರಗಿನ ಎಳೆಗೆ ಕೊಂಡಿ ಹಾಕಿದೆಯೇ, ಸೆರಗಿನ ಕೆಂಪು ಅಚ್ಚ ಕೆಂಪಾಗಿದೆಯೇ, ಅಂಚಿನ ಗಡಿಯಲ್ಲಿ ಒಡಲಿನ ಹೊಕ್ಕು ತಿರುಗಿ ಬಂದಿದೆಯೇ ಎಂದು ಪರೀಕ್ಷಿಸಬೇಕು. ಗಿರಾಕಿ ಹೀಗೆ ಕೇಳತೊಡಗಿದರೆ ಅಂಗಡಿಯವನು ತಿಳಿದುಕೊಳ್ಳುತ್ತಾನೆ, ಅಂಗಡಿಯವನು ಯಜಮಾನನನ್ನು ಕೇಳುತ್ತಾನೆ, ಮಾತು ಮಗ್ಗದವರೆಗೂ ಹೋಗುತ್ತದೆ. ಈವರೆಗೆ ಹೆಸರಿಲ್ಲದೆ ನಡೆದ ಕುಣಿಕೆಯ ಕೆಲಸಕ್ಕೆ ಬೆಲೆ ಕಟ್ಟುವ ಮಾತು ಅಲ್ಲಿಂದ ಮೊದಲಾಗಬಹುದು.